ಸಭೆಯ ವಯಸ್ಕರ ಕೂಟದಲ್ಲಿ ನಂಬಿಕೆಯ ದೊಡ್ಡ ಪ್ರಶ್ನೆಗಳನ್ನು ಚರ್ಚಿಸುವ ಬಗೆ

ಮಂಗಳೂರಿನ ಯಾವುದೇ ಚರ್ಚಿನ ಅಂಗಳದಲ್ಲಿ ಆದಿತ್ಯವಾರದ ಆರಾಧನೆ ಮುಗಿದ ಮೇಲೆ ಕಾಲು ಗಂಟೆ ನಿಂತವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಒಳಗೆ ಅಷ್ಟು ಹೊತ್ತು ಮೌನವಾಗಿ ಕುಳಿತಿದ್ದವರೇ ಹೊರಗೆ ಗೇಟಿನ ಬಳಿ, ಸ್ಕೂಟರಿನ ಮೇಲೆ ಕೈಯೂರಿಕೊಂಡು, ತಗ್ಗಿದ ದನಿಯಲ್ಲಿ ತಮ್ಮ ನಿಜವಾದ ಪ್ರಶ್ನೆಗಳನ್ನು ಕೇಳುತ್ತಿರುತ್ತಾರೆ. ಅಷ್ಟು ಪ್ರಾರ್ಥಿಸಿದರೂ ಅವಳಿಗೆ ಯಾಕೆ ಗುಣವಾಗಲಿಲ್ಲ? ನಮಗೆ ಕಷ್ಟ ಬಂದಾಗಲೆಲ್ಲ ಓಡಿ ಬಂದ ನೆರೆಮನೆಯವನು ಕ್ರಿಸ್ತನನ್ನು ನಂಬಲಿಲ್ಲವೆಂಬ ಕಾರಣಕ್ಕೆ ದೇವರಿಂದ ದೂರವಾಗುತ್ತಾನೆಯೇ? ಆದಿಕಾಂಡದ ಸೃಷ್ಟಿಯ ದಿನಗಳ ಬಗ್ಗೆ ಕಾಲೇಜಿಗೆ ಹೋಗುವ ಮಗಳು ಕೇಳಿದರೆ ಏನು ಹೇಳಬೇಕು? ಗೇಟಿನ ಬಳಿಯ ಈ ಮಾತುಕತೆಯನ್ನು ಗೋಡೆಯ ಒಳಗೆ ತರುವುದು ಹೇಗೆ ಎಂಬುದನ್ನು ತಿಳಿಸಲು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ನಿವೃತ್ತ ಶಿಕ್ಷಕಿ. ಮಂಗಳೂರಿನ ಒಂದು ಕನ್ನಡ ಸಭೆಯಲ್ಲಿ ಹಲವು ವರ್ಷಗಳಿಂದ ವಯಸ್ಕರ ಅಧ್ಯಯನ ಕೂಟವನ್ನು ನಡೆಸುತ್ತಿರುವವರಲ್ಲಿ ಒಬ್ಬಳು. ದೇವಶಾಸ್ತ್ರದಲ್ಲಿ ನನಗೆ ಪದವಿಯಿಲ್ಲ. ಇಲ್ಲಿ ಬರೆದಿರುವುದು ಪ್ರೊಟೆಸ್ಟಂಟ್ ಸಭೆಯೊಂದರ ಅನುಭವವಾದರೂ, ಕ್ಯಾಥೊಲಿಕ್ ಧರ್ಮಕೇಂದ್ರಗಳ ವಾಡೊಗಳಲ್ಲಿ (ವಾರ್ಡುಗಳಲ್ಲಿ) ಗುರ್ಕಾರರ ಮುಂದಾಳತ್ವದಲ್ಲಿ ಸೇರುವ ಕಿರು ಸಮುದಾಯಗಳಿಗೂ ಇದರ ಬಹುಪಾಲು ಹೊಂದುತ್ತದೆ ಎಂದು ಆ ಕಡೆಯ ಗೆಳತಿಯರ ಮಾತಿನಿಂದ ತಿಳಿದುಕೊಂಡಿದ್ದೇನೆ.

ಮೊದಲ ಹೆಜ್ಜೆ: ಅಯ್ಯನವರೊಡನೆ ಮಾತು

ಕೂಟವನ್ನು ಆರಂಭಿಸುವ ಮೊದಲು ಸಭಾಪಾಲಕರನ್ನು, ಅಂದರೆ ಅಯ್ಯನವರನ್ನು, ಕಂಡು, ನೀವು ಮಾಡಹೊರಟಿರುವುದು ಏನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಪ್ರಾರ್ಥನಾ ಕೂಟಗಳು ಈಗಾಗಲೇ ಇವೆ, ಸ್ತ್ರೀಯರ ಸಂಘವಿದೆ, ಯುವಜನರ ಸಂಘವಿದೆ. ಇವುಗಳ ಜೊತೆಗೆ ಇನ್ನೊಂದು ಕೂಟ ಏಕೆ ಬೇಕು ಎಂದು ಅವರು ಕೇಳಿದರೆ, ಜನರು ತಮ್ಮ ಸಂಶಯಗಳನ್ನು ಸಭೆಯೊಳಗೇ ಕೇಳುವಂತಾಗಬೇಕು ಎಂಬ ಉತ್ತರ ಸಾಕು. ಅಯ್ಯನವರು ಕೂಟಕ್ಕೆ ಬರಬೇಕೇ ಬೇಡವೇ ಎಂಬುದು ಸೂಕ್ಷ್ಮವಾದ ವಿಚಾರ. ಅವರು ಪ್ರತಿ ವಾರ ಬಂದು ಎದುರಿನ ಕುರ್ಚಿಯಲ್ಲಿ ಕುಳಿತರೆ ಪ್ರತಿಯೊಂದು ಪ್ರಶ್ನೆಯೂ ಕೊನೆಗೆ ಅವರ ಮುಖದತ್ತಲೇ ತಿರುಗುತ್ತದೆ ಮತ್ತು ಅವರ ಒಂದು ವಾಕ್ಯದೊಂದಿಗೆ ಚರ್ಚೆ ಮುಗಿದುಹೋಗುತ್ತದೆ. ಇದು ಅವರ ತಪ್ಪಲ್ಲ. ನಮ್ಮಲ್ಲಿ ಆ ಸ್ಥಾನಕ್ಕಿರುವ ಗೌರವವೇ ಹಾಗೆ ಮಾಡಿಸುತ್ತದೆ. ಆರು ವಾರಗಳ ಒಂದು ಸರಣಿಯಲ್ಲಿ ಮೂರನೆಯ ವಾರ ಮತ್ತು ಆರನೆಯ ವಾರ ಅವರು ಬರುವುದು, ಬಂದಾಗ ವೃತ್ತದಲ್ಲಿ ಎಲ್ಲರ ನಡುವೆ ಕುಳಿತು ತಮ್ಮದೇ ಪ್ರಶ್ನೆಯೊಂದನ್ನು ಮುಂದಿಡುವುದು ನಮ್ಮಲ್ಲಿ ಚೆನ್ನಾಗಿ ನಡೆದಿದೆ. ತನಗೂ ಉತ್ತರ ಸಿಗದ ಒಂದು ಪ್ರಶ್ನೆಯಿದೆ ಎಂದು ಅಯ್ಯನವರು ಹೇಳಿದ ಆ ಸಂಜೆಯ ಅನಂತರ ನಮ್ಮ ಕೂಟದಲ್ಲಿ ಮಾತನಾಡದೆ ಇದ್ದವರೂ ಬಾಯಿ ತೆರೆದರು.

ಎರಡನೆಯ ಹೆಜ್ಜೆ: ಜಾಗ, ಹೊತ್ತು, ಜನ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಂಟರಿಂದ ಹನ್ನೆರಡು ಮಂದಿ ಇದ್ದರೆ ಸಾಕು. ಹದಿನೈದು ದಾಟಿದರೆ ಎರಡು ಗುಂಪು ಮಾಡಿರಿ. ಕುರ್ಚಿಗಳನ್ನು ವೃತ್ತವಾಗಿ ಇಡಬೇಕು, ಮುಂದೆ ಮೇಜು ಇರಬಾರದು. ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಕೂರಿಸಬಾರದು, ಏಕೆಂದರೆ ಮೂಡುಬಿದಿರೆ ಕಡೆಗೋ ಮೂಲ್ಕಿ ಕಡೆಗೋ ಕೊನೆಯ ಬಸ್ಸಿನ ಚಿಂತೆ ಹತ್ತಿದವರು ಕಿವಿಗೊಡಲಾರರು. ಚಹಾವನ್ನು ಕೊನೆಗೆ ಕೊಡುವ ಬದಲು ಮೊದಲೇ ಕೊಡಿರಿ. ಕೈಯಲ್ಲಿ ಲೋಟವಿದ್ದಾಗ ಅಪರಿಚಿತರ ನಡುವಿನ ಬಿಗುವು ಸಡಿಲವಾಗುತ್ತದೆ. ಜೂನ್, ಜುಲೈ ತಿಂಗಳ ಸಂಜೆಗಳಲ್ಲಿ ಇಲ್ಲಿಯ ಮಳೆಗೆ ಹಿರಿಯರು ಬರಲಾರರು, ಡಿಸೆಂಬರಿನಲ್ಲಿ ಕ್ಯಾರಲ್ ತಂಡಗಳ ಓಡಾಟ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮದುವೆಗಳು. ಈಸ್ಟರಿಗೆ ಮುಂಚಿನ ಉಪವಾಸ ಕಾಲವಾದ ಲೆಂಟಿನ ಆರು ವಾರಗಳು ಅತ್ಯುತ್ತಮ. ಅದು ತಪ್ಪಿದರೆ ಮಳೆ ಇಳಿದ ಮೇಲೆ, ಅಕ್ಟೋಬರಿನಲ್ಲಿ ಆರಂಭಿಸಬಹುದು.

ಭಾಷೆಯ ವಿಚಾರದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ನಮ್ಮ ಸಭೆಗಳಲ್ಲಿ ಆರಾಧನೆ ಕನ್ನಡದಲ್ಲಿ ನಡೆಯುತ್ತದೆ, ಆದರೆ ಬಹಳ ಮನೆಗಳಲ್ಲಿ ಮಾತು ತುಳುವಿನದು. ಪುಸ್ತಕದ ಕನ್ನಡದಲ್ಲಿ ಮಾತನಾಡಬೇಕೆಂಬ ಅಂಜಿಕೆಯಿಂದಲೇ ಎಷ್ಟೋ ತಾಯಂದಿರು ಸುಮ್ಮನಿರುತ್ತಾರೆ. ಬೇಕಾದವರು ತುಳುವಿನಲ್ಲಿ ಹೇಳಬಹುದು ಎಂದು ಮೊದಲ ದಿನವೇ ಘೋಷಿಸಿ, ನಡೆಸುವವರೇ ಮೊದಲು ಎರಡು ಮಾತನ್ನು ತುಳುವಿನಲ್ಲಿ ಆಡಿ ತೋರಿಸುವುದು ಒಳ್ಳೆಯದು. ಹೊಸ ಒಡಂಬಡಿಕೆ ತುಳುವಿನಲ್ಲಿ 1847ರಷ್ಟು ಹಿಂದೆಯೇ ಇದೇ ಊರಿನಲ್ಲಿ ಅಚ್ಚಾಗಿತ್ತು; ತುಳುವಿನಲ್ಲಿ ದೇವರ ವಿಚಾರ ಆಡುವುದು ಅಗೌರವ ಎಂಬ ಭಾವನೆಗೆ ಆಧಾರವಿಲ್ಲ.

ಮೂರನೆಯ ಹೆಜ್ಜೆ: ಪ್ರಶ್ನೆಗಳನ್ನು ಕೂಡಿಸುವುದು

ವಿಷಯವನ್ನು ನಡೆಸುವವರು ಆರಿಸಬಾರದು. ಆರಂಭಕ್ಕೆ ಎರಡು ವಾರ ಮೊದಲು ಖಾಲಿ ಚೀಟಿಗಳನ್ನು ಹಂಚಿ, ಹೆಸರು ಬರೆಯದೆ ಒಂದೊಂದು ಪ್ರಶ್ನೆಯನ್ನು ಬರೆದು ಡಬ್ಬಿಗೆ ಹಾಕುವಂತೆ ಕೇಳಬೇಕು. ನಮ್ಮ ಊರುಗಳಲ್ಲಿ ಎಲ್ಲರಿಗೂ ಎಲ್ಲರ ಕೈಬರಹ ಗೊತ್ತಿರುತ್ತದೆಯಾದುದರಿಂದ ಚೀಟಿಗಳನ್ನು ಒಬ್ಬರೇ ಓದಿ, ಬೇರೆ ಹಾಳೆಯಲ್ಲಿ ಬರೆದುಕೊಂಡು, ಮೂಲ ಚೀಟಿಗಳನ್ನು ಹರಿದು ಹಾಕುವುದು ಉತ್ತಮ.

ಬಂದ ಪ್ರಶ್ನೆಗಳಲ್ಲಿ ಕೆಲವು ತೀರಾ ದೊಡ್ಡದಾಗಿರುತ್ತವೆ. ‘ದೇವರು ಇದ್ದಾನೆಯೇ’ ಎಂಬುದನ್ನು ವೃತ್ತದ ನಡುವೆ ಇಟ್ಟರೆ ಓದಿಕೊಂಡ ಇಬ್ಬರು ಮಾತನಾಡುತ್ತಾರೆ, ಉಳಿದ ಹತ್ತು ಮಂದಿ ಕೇಳುತ್ತಾರೆ. ಅದನ್ನೇ ‘ದೇವರು ಇಲ್ಲವೇನೋ ಎಂದು ನನಗೆ ಅನಿಸಿದ ದಿನ ಯಾವುದು, ಆ ದಿನ ನಾನು ಏನು ಮಾಡಿದೆ’ ಎಂದು ಬದಲಿಸಿದರೆ ಪ್ರತಿಯೊಬ್ಬರಿಗೂ ಹೇಳಲು ಏನಾದರೂ ಇರುತ್ತದೆ. ದೊಡ್ಡ ಪ್ರಶ್ನೆಯನ್ನು ಚಿಕ್ಕದಾಗಿಸುವುದು ಬೇಡ, ಅದು ಒಬ್ಬ ಮನುಷ್ಯನ ಬದುಕಿಗೆ ತಾಗುವ ಜಾಗವನ್ನು ಹುಡುಕಬೇಕು. ಇನ್ನು ಕೆಲವು ಚೀಟಿಗಳು ಪ್ರಶ್ನೆಯ ವೇಷದ ದೂರುಗಳು: ಸಮಿತಿಯ ಲೆಕ್ಕಪತ್ರ, ಯಾರೋ ಹಿರಿಯರ ನಡತೆ. ಅವುಗಳನ್ನು ಸಂಬಂಧಪಟ್ಟವರಿಗೆ ತಲುಪಿಸಿ, ಕೂಟದಿಂದ ಹೊರಗಿಡಬೇಕು.

ಸರಣಿಯ ಕ್ರಮವನ್ನೂ ಯೋಚಿಸಬೇಕು. ಕ್ಷಮೆಯ ವಿಷಯವನ್ನು ಮೊದಲ ವಾರದಲ್ಲೇ ಎತ್ತಿಕೊಳ್ಳಬೇಡಿರಿ. ಎಪ್ಪತ್ತೇಳು ಸಾರಿ ಕ್ಷಮಿಸಬೇಕೆಂಬ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಮಾತನ್ನು ಓದಿದ ಕೂಡಲೇ ಮಂಗಳೂರಿನ ಕೂಟದಲ್ಲಿ 2008ರ ಸೆಪ್ಟೆಂಬರಿನಲ್ಲಿ ಚರ್ಚುಗಳ, ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಯ ನೆನಪು ಬರುತ್ತದೆ, ಅಣ್ಣತಮ್ಮಂದಿರ ನಡುವಿನ ಜಾಗದ ವ್ಯಾಜ್ಯವೂ ಬರುತ್ತದೆ. ಪರಸ್ಪರ ವಿಶ್ವಾಸ ಬೆಳೆಯದೆ ಆ ಗಾಯಗಳನ್ನು ಬಿಚ್ಚಿದರೆ ಕಟ್ಟಲು ಯಾರಿಗೂ ಕೈ ಬರುವುದಿಲ್ಲ. ನಾಲ್ಕನೆಯ ಅಥವಾ ಐದನೆಯ ವಾರ ಅದಕ್ಕೆ ತಕ್ಕ ಹೊತ್ತು.

ನಾಲ್ಕನೆಯ ಹೆಜ್ಜೆ: ಒಂದು ವಾಕ್ಯಭಾಗ, ಎರಡು ಅನುವಾದ

ಪ್ರತಿ ಪ್ರಶ್ನೆಗೆ ಬೈಬಲಿನ ಒಂದೇ ವಾಕ್ಯಭಾಗವನ್ನು ಆರಿಸಿಕೊಳ್ಳಬೇಕು. ಇಪ್ಪತ್ತು ವಚನಗಳಿಗಿಂತ ಹೆಚ್ಚು ಬೇಡ. ಬೈಬಲಿನ ಎಲ್ಲ ಕಡೆಯಿಂದ ವಚನಗಳನ್ನು ಹೆಕ್ಕಿ ಪೋಣಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅದು ಪ್ರಸಂಗಕ್ಕೆ ಹೊಂದಬಹುದು, ಚರ್ಚೆಗೆ ಹೊಂದುವುದಿಲ್ಲ, ಏಕೆಂದರೆ ಹೆಚ್ಚು ವಚನ ಬಾಯಿಪಾಠ ಬರುವವರೇ ಗೆಲ್ಲುತ್ತಾರೆ.

ಆ ಒಂದು ಭಾಗವನ್ನು ಎರಡು ಅನುವಾದಗಳಲ್ಲಿ ಓದಿಸಿರಿ. ಹಳೆಯ ಅನುವಾದದಲ್ಲಿ ‘ಯೆಹೋವ’ ಎಂದಿರುವ ಕಡೆ ಹೊಸ ಅನುವಾದದಲ್ಲಿ ‘ಸರ್ವೇಶ್ವರ’ ಎಂಬ ಹೆಸರನ್ನು ಕಂಡು ಮೊದಲ ಬಾರಿ ಕೆಲವರು ಬೆಚ್ಚುತ್ತಾರೆ. ಆ ಬೆಚ್ಚುವಿಕೆಯಿಂದಲೇ ಒಳ್ಳೆಯ ಚರ್ಚೆ ಹುಟ್ಟುತ್ತದೆ. ನಾವು ಹುಟ್ಟಿದಂದಿನಿಂದ ಕೇಳಿದ ಮಾತು ಹೀಬ್ರೂ ಮತ್ತು ಗ್ರೀಕ್ ಭಾಷೆಗಳಿಂದ ಯಾರೋ ಶ್ರಮಪಟ್ಟು ಆರಿಸಿದ ಕನ್ನಡ ಪದ ಎಂಬ ಅರಿವು ಅಲ್ಲಿ ಮೂಡುತ್ತದೆ.

ಪದಗಳ ಬಳಿ ನಿಲ್ಲುವುದು ಎಷ್ಟು ಫಲ ಕೊಡುತ್ತದೆ ಎಂಬುದಕ್ಕೆ ‘ನಂಬಿಕೆ’ ಎಂಬ ಒಂದೇ ಪದದ ಉದಾಹರಣೆಯನ್ನು ಕೊಡುತ್ತೇನೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅದು ‘ಪಿಸ್ಟಿಸ್’. ಆ ಪದಕ್ಕೆ ಭರವಸೆಯಿಡುವುದು ಎಂಬ ಅರ್ಥದ ಜೊತೆಗೆ ನಿಷ್ಠೆಯಿಂದ ಉಳಿಯುವುದು ಎಂಬ ಅರ್ಥವೂ ಇದೆ. ನಾವು ‘ನಂಬಿಕೆ’ ಎನ್ನುತ್ತೇವೆ, ಕ್ಯಾಥೊಲಿಕ್ ಕನ್ನಡದಲ್ಲಿ ‘ವಿಶ್ವಾಸ’ ಎನ್ನುತ್ತಾರೆ, ಕೊಂಕಣಿ ಕ್ರೈಸ್ತರು ‘ಭಾವಾರ್ಥ್’ ಎನ್ನುತ್ತಾರೆ. ಒಂದು ಸಂಜೆ ನಮ್ಮ ಕೂಟದಲ್ಲಿ ಈ ಮೂರು ಪದಗಳನ್ನು ಕರಿಹಲಗೆಯ ಮೇಲೆ ಬರೆದು, ಇವು ಒಂದೇ ಸಂಗತಿಯನ್ನು ಹೇಳುತ್ತವೆಯೇ ಎಂದು ಕೇಳಿದೆವು. ಆಗ ಹಿರಿಯರೊಬ್ಬರು ಒಂದು ಮಾತನ್ನು ನೆನಪಿಸಿದರು. ನಮ್ಮ ಕರಾವಳಿಯಲ್ಲಿ ಜನರು ತಮ್ಮ ಮನೆತನದ ದೈವದ ಬಗ್ಗೆ ಹೇಳುವಾಗ ‘ನಾವು ನಂಬಿಕೊಂಡು ಬಂದ ದೈವ’ ಎನ್ನುತ್ತಾರೆ. ಅಲ್ಲಿ ನಂಬುವುದೆಂದರೆ ದೈವ ಇದೆಯೆಂಬ ಒಂದು ಹೇಳಿಕೆಗೆ ತಲೆಯಾಡಿಸುವುದಲ್ಲ, ತಲೆತಲಾಂತರದಿಂದ ಒಂದು ಸಂಬಂಧವನ್ನು ಬಿಡದೆ ನಡೆಸಿಕೊಂಡು ಬರುವುದು. ಹಾಗಾದರೆ ನಾವು ಸಭೆಯಲ್ಲಿ ‘ನಂಬುತ್ತೇನೆ’ ಎಂದು ವಿಶ್ವಾಸಪ್ರಮಾಣವನ್ನು ಹೇಳುವಾಗ ಯಾವ ಅರ್ಥದಲ್ಲಿ ಹೇಳುತ್ತೇವೆ ಎಂದು ಅವರು ಕೇಳಿದರು. ಇಡೀ ಸಂಜೆ ಆ ಪ್ರಶ್ನೆಯೊಂದರಲ್ಲೇ ಕಳೆಯಿತು. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ತನ್ನ ಮಗನಿಗಾಗಿ ಬೇಡಿಕೊಂಡ ತಂದೆ, ನಂಬುತ್ತೇನೆ ಎಂದೂ ನನ್ನ ಅಪನಂಬಿಕೆಗೆ ಸಹಾಯಮಾಡು ಎಂದೂ ಒಂದೇ ಉಸಿರಿನಲ್ಲಿ ಕೂಗುತ್ತಾನೆ. ತಲೆಯಾಡಿಸುವ ಅರ್ಥದಲ್ಲಿ ಅವನ ಮಾತು ವಿರೋಧಾಭಾಸ. ಸಂಬಂಧವನ್ನು ಬಿಡದಿರುವ ಅರ್ಥದಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಪ್ರಾರ್ಥನೆ ಇಲ್ಲ.

ಇಂಥ ಕೆಲಸಕ್ಕೆ ಒಂದು ಕನ್ನಡ ನಿಘಂಟು ಕೈಗೆಟಕುವಂತಿರಬೇಕು. ಫರ್ಡಿನೆಂಡ್ ಕಿಟೆಲರ ನಿಘಂಟು 1894ರಲ್ಲಿ ಈ ಊರಿನಲ್ಲಿದ್ದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲೇ ಅಚ್ಚಾಯಿತು. 1834ರಲ್ಲಿ ಇಲ್ಲಿಗೆ ಬಂದ ಮಿಷನರಿಗಳು ಮತ್ತು ಅವರ ಅನಂತರದವರು ಭಾಷೆಯ ಮೇಲೆ ಪಟ್ಟ ಶ್ರಮವನ್ನು ನಾವು ಸ್ಮರಣೋತ್ಸವದ ಭಾಷಣಗಳಲ್ಲಿ ಹೊಗಳುತ್ತೇವೆ, ಆದರೆ ವಾಕ್ಯವನ್ನು ಓದುವಾಗ ಆ ನಿಘಂಟನ್ನು ತೆರೆಯುವುದಿಲ್ಲ. ಇನ್ನೂ ಆಳಕ್ಕೆ ಹೋಗಬೇಕಾದರೆ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಅಧ್ಯಾಪಕರನ್ನು ಕೇಳಿಕೊಳ್ಳಬಹುದು.

ಐದನೆಯ ಹೆಜ್ಜೆ: ಸಂಜೆಯನ್ನು ನಡೆಸುವುದು

ವಾಕ್ಯಭಾಗವನ್ನು ಇಬ್ಬರು ಬೇರೆ ಬೇರೆ ದನಿಗಳಲ್ಲಿ ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಎರಡು ನಿಮಿಷ ಯಾರೂ ಮಾತನಾಡಬಾರದು. ಮೊದಲ ವಾರ ಈ ಎರಡು ನಿಮಿಷ ಬಹಳ ದೀರ್ಘವೆನಿಸುತ್ತದೆ. ಅನಂತರ ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಕೇಳಬೇಕು. ಇಲ್ಲಿ ಏನು ನಡೆಯಿತು, ಯಾರು ಏನು ಹೇಳಿದರು ಎಂಬುದು ಮೊದಲು. ಇದರಲ್ಲಿ ನಿಮಗೆ ಒಪ್ಪಿಗೆಯಾಗದ ಅಥವಾ ಆಶ್ಚರ್ಯ ತಂದ ಮಾತು ಯಾವುದು ಎಂಬುದು ಎರಡನೆಯದು. ನಮ್ಮ ಬದುಕಿನಲ್ಲಿ ಇದು ಎಲ್ಲಿ ತಾಗುತ್ತದೆ ಎಂಬುದು ಕೊನೆಯದು. ನೇರವಾಗಿ ಕೊನೆಯ ಪ್ರಶ್ನೆಗೆ ಹಾರಿದರೆ ವಾಕ್ಯ ಮರೆತುಹೋಗಿ ಪ್ರತಿಯೊಬ್ಬರೂ ಮನೆಯಿಂದ ತಂದ ಅಭಿಪ್ರಾಯವನ್ನೇ ಮರಳಿ ಒಯ್ಯುತ್ತಾರೆ.

ಸಂಕಟದ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಒಳ್ಳೆಯವರಿಗೆ ಯಾಕೆ ಹೀಗಾಗುತ್ತದೆ ಎಂಬ ಚೀಟಿ ಪ್ರತಿ ಸರಣಿಯಲ್ಲೂ ಬಂದೇ ಬರುತ್ತದೆ. ಅದಕ್ಕೆ ನಾವು ಲೂಕನ ಸುವಾರ್ತೆಯ 13ನೆಯ ಅಧ್ಯಾಯದ ಮೊದಲ ಐದು ವಚನಗಳನ್ನು ಆರಿಸಿಕೊಂಡೆವು. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರೆಲ್ಲರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ನೆನಸುತ್ತೀರೋ ಎಂದು ಯೇಸು ಕೇಳಿ, ಹಾಗಲ್ಲ ಎಂದು ತಾನೇ ಹೇಳುತ್ತಾನೆ. ಓದು ಮುಗಿದು ಮೌನವೂ ಮುಗಿಯುವ ಹೊತ್ತಿಗೆ ಕೂಟದ ಪ್ರತಿಯೊಬ್ಬರ ಮನಸ್ಸೂ ಒಂದೇ ಕಡೆ ಹೋಗಿತ್ತು. 2010ರ ಮೇ 22ರ ಬೆಳಗ್ಗೆ ದುಬಾಯಿಯಿಂದ ಬಂದ ವಿಮಾನ ಬಜ್ಪೆಯ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿದಾಗ ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿ ಉಳಿದರು. ಕೊಲ್ಲಿ ದೇಶಗಳಲ್ಲಿ ಮಕ್ಕಳಿರುವ ಈ ಊರಿನಲ್ಲಿ ಅದನ್ನು ಸುದ್ದಿಯಾಗಿ ಮಾತ್ರ ಕೇಳಿದ ಮನೆಗಳು ಕಡಿಮೆ. ಆ ವಿಮಾನದಲ್ಲಿ ಬರಬೇಕಾಗಿದ್ದು ಬಾರದೆ ಉಳಿದವನ ಮನೆಯವರು ‘ದೇವರು ಕಾಪಾಡಿದರು’ ಎಂದು ಸ್ತೋತ್ರ ಮಾಡಿದರೆ, ಆ ಮಾತನ್ನು ಸತ್ತವನ ತಾಯಿ ಹೇಗೆ ಕೇಳಬೇಕು ಎಂದು ಒಬ್ಬರು ಕೇಳಿದರು.

ಇಲ್ಲಿ ನಡೆಸುವವರು ಮಾಡಬೇಕಾದ ಕೆಲಸ ಬಹಳ ಕಡಿಮೆ, ಆದರೆ ಕಷ್ಟದ್ದು. ಉತ್ತರ ಕೊಡಬಾರದು. ಕೃತಜ್ಞತೆ ಸಲ್ಲಿಸಿದವರನ್ನು ಯಾರಾದರೂ ಸ್ವಾರ್ಥಿಗಳೆಂದು ಜರಿದರೆ ತಡೆಯಬೇಕು, ದೇವರ ಯೋಜನೆ ನಮಗೆ ತಿಳಿಯದು ಎಂಬ ಸಿದ್ಧವಾಕ್ಯದಿಂದ ಯಾರಾದರೂ ಬಾಗಿಲು ಮುಚ್ಚಿದರೆ ಅದನ್ನು ಮೆಲ್ಲನೆ ತೆರೆಯಬೇಕು, ಮತ್ತೆ ವಾಕ್ಯದ ಕಡೆಗೆ ತಿರುಗಿಸಬೇಕು. ನಾವು ಹಾಗೆ ತಿರುಗಿದಾಗ ಕಂಡ ಸಂಗತಿಯೆಂದರೆ, ಬುರುಜು ಏಕೆ ಬಿತ್ತು ಎಂಬ ಪ್ರಶ್ನೆಗೆ ಯೇಸು ಕೂಡ ಉತ್ತರ ಕೊಟ್ಟಿಲ್ಲ. ಸತ್ತವರ ಮೇಲೆ ತಪ್ಪು ಹೊರಿಸುವ ದಾರಿಯೊಂದನ್ನು ಮಾತ್ರ ಮುಚ್ಚಿ, ಉಳಿದವರನ್ನು ಅವರವರ ಬದುಕಿನತ್ತ ತಿರುಗಿಸಿದ್ದಾನೆ. ಆ ಸಂಜೆ ಯಾರಿಗೂ ಸಮಾಧಾನವಾಗಲಿಲ್ಲ, ಆದರೆ ತನ್ನ ತಮ್ಮನ ಸಾವಿನ ಬಗ್ಗೆ ಅಂದಿನವರೆಗೆ ಒಂದು ಮಾತೂ ಆಡದಿದ್ದ ಒಬ್ಬರು ಮಾತನಾಡಿದರು.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಕೂಟದ ಮೊದಲ ವರ್ಷ, ಹೆಂಡತಿಯನ್ನು ಕಳೆದುಕೊಂಡ ಒಬ್ಬ ಹಿರಿಯರು, ತಾನು ಈಗ ಪ್ರಾರ್ಥಿಸುವುದನ್ನು ನಿಲ್ಲಿಸಿದ್ದೇನೆ ಎಂದು ಹೇಳಿದರು. ನಾನು ತಡಮಾಡದೆ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯವನ್ನು ತೆರೆದು, ದೇವರನ್ನು ಪ್ರೀತಿಸುವವರಿಗೆ ಸಮಸ್ತವೂ ಒಳಿತಿಗಾಗಿಯೇ ಅನುಕೂಲವಾಗುತ್ತದೆ ಎಂಬ ಭಾಗವನ್ನು ಓದಿದೆ. ಅವರು ತಲೆಯಾಡಿಸಿದರು, ಮುಂದಿನ ಎರಡು ತಿಂಗಳು ಕೂಟಕ್ಕೆ ಬರಲಿಲ್ಲ. ಓದಿದ ವಚನದಲ್ಲಿ ಸುಳ್ಳಿರಲಿಲ್ಲ. ಅದನ್ನು ನಾನು ಅವರ ಬಾಯಿ ಮುಚ್ಚಿಸಲು ಬಳಸಿದ್ದೆ. ಅನಂತರ ಯೋಬನ ಗ್ರಂಥವನ್ನು ಹೊಸದಾಗಿ ಓದಿದೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಬಳಿ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಮುಂದೆ ಅಧ್ಯಾಯಗಟ್ಟಲೆ ದೇವರ ಪರವಾಗಿ ವಾದಿಸಿದ ಅವರನ್ನು ಕೊನೆಯ ಅಧ್ಯಾಯದಲ್ಲಿ ದೇವರೇ ಗದರಿಸಿ, ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ ಎನ್ನುತ್ತಾನೆ. ದೇವರೊಡನೆ ಜಗಳವಾಡಿದವನ ಮಾತು ಸರಿಯೆನಿಸಿಕೊಂಡಿತು. ಯಾವುದೇ ಕೂಟವನ್ನು ನಡೆಸುವವರು ವರ್ಷಕ್ಕೊಮ್ಮೆಯಾದರೂ ಆ 42ನೆಯ ಅಧ್ಯಾಯವನ್ನು ಓದಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಆರನೆಯ ಹೆಜ್ಜೆ: ಭಿನ್ನಾಭಿಪ್ರಾಯ ಬಿಸಿಯೇರಿದಾಗ

ನಮ್ಮ ಕಡೆ ಬಹಳ ಬೇಗ ಬಿಸಿಯೇರುವ ವಿಷಯ ಪ್ರಸಾದದ್ದು. ನೆರೆಮನೆಯವರು ಸತ್ಯನಾರಾಯಣ ಪೂಜೆಯ ಪ್ರಸಾದವನ್ನು ತಂದುಕೊಟ್ಟರೆ ತಿನ್ನಬಹುದೇ, ಊರಿನ ದೈವದ ನೇಮದ (ಉತ್ಸವದ) ಊಟಕ್ಕೆ ಹೋಗಬಹುದೇ? ಇದು ಪುಸ್ತಕದ ಪ್ರಶ್ನೆಯಲ್ಲ, ಮುಂದಿನ ವಾರದ ಪ್ರಶ್ನೆ. ಕೂಟದಲ್ಲಿ ತಿನ್ನುವವರೂ ಇರುತ್ತಾರೆ, ತಿನ್ನದವರೂ ಇರುತ್ತಾರೆ, ಬಾಗಿಲಲ್ಲಿ ತೆಗೆದುಕೊಂಡು ಒಳಗೆ ಬದಿಗಿಡುವವರೂ ಇರುತ್ತಾರೆ.

ಇಂಥ ಸಂದರ್ಭದಲ್ಲಿ ನಾವು ಒಂದು ನಿಯಮವನ್ನು ಪಾಲಿಸುತ್ತೇವೆ. ಎದುರಿನವರ ನಿಲುವನ್ನು ಮೊದಲು ನೀವೇ ನಿಮ್ಮ ಬಾಯಿಯಲ್ಲಿ ಹೇಳಿ, ಅವರು ‘ಹೌದು, ನಾನು ಹೇಳಿದ್ದು ಅದೇ’ ಎಂದು ಒಪ್ಪಿದ ಮೇಲೆ ಮಾತ್ರ ನಿಮ್ಮ ಉತ್ತರವನ್ನು ಹೇಳಬೇಕು. ಇದರಿಂದ ವೇಗ ತಗ್ಗುತ್ತದೆ ಮತ್ತು ನಿಲುವಿನ ಹಿಂದಿರುವ ಕಥೆ ಹೊರಬರುತ್ತದೆ. ಪ್ರಸಾದವನ್ನು ಮುಟ್ಟದ ಒಬ್ಬರು ತಮ್ಮ ಮುತ್ತಜ್ಜನ ವಿಚಾರ ಹೇಳಿದರು: ಕ್ರೈಸ್ತನಾದ ಕಾರಣಕ್ಕೆ ಅವರನ್ನು ಮನೆಯಿಂದ ಹೊರಹಾಕಿದ್ದರು, ಕಸುಬೂ ಹೋಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ ನೇಯ್ಗೆಯ ಕೆಲಸವನ್ನೂ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸುವುದಕ್ಕೆ ಇದ್ದ ಕಾರಣಗಳಲ್ಲಿ, ಹೀಗೆ ಬುಡ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವುದೂ ಒಂದು. ಮುತ್ತಜ್ಜ ಅಷ್ಟು ಬೆಲೆ ತೆತ್ತು ಬಿಟ್ಟದ್ದನ್ನು ನಾನು ಸಲೀಸಾಗಿ ಹೇಗೆ ತಿನ್ನಲಿ ಎಂಬುದು ಅವರ ಮಾತಾಗಿತ್ತು. ತಿನ್ನುವ ಇನ್ನೊಬ್ಬರು, ತಮ್ಮ ಗಂಡ ತೀರಿಕೊಂಡ ರಾತ್ರಿ ಮೊದಲು ಬಂದು ಒಲೆ ಹಚ್ಚಿದವಳು ಪಕ್ಕದ ಮನೆಯ ಅಕ್ಕ. ಅವಳ ಕೈಯಿಂದ ಬಂದದ್ದನ್ನು ನಾನು ತಳ್ಳಲಾರೆ ಎಂದರು. ಇಬ್ಬರೂ ಪ್ರೀತಿಯಿಂದಲೇ ಮಾತನಾಡುತ್ತಿದ್ದಾರೆ ಎಂಬುದು ಆಗ ಇಡೀ ವೃತ್ತಕ್ಕೆ ಕಾಣಿಸಿತು.

ಅಂಥ ಹೊತ್ತಿನಲ್ಲಿ ಓದಬೇಕಾದದ್ದು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8ನೆಯ ಮತ್ತು 10ನೆಯ ಅಧ್ಯಾಯಗಳು. ಅಲ್ಲಿ ಪೌಲನು ಒಂದೇ ಸಾಲಿನ ತೀರ್ಪು ಕೊಡುವುದಿಲ್ಲ. ಅನ್ಯದೇವತೆಗಳ ಪಂಕ್ತಿಯಲ್ಲಿ ಪಾಲುಗಾರರಾಗಬೇಡಿರಿ ಎನ್ನುತ್ತಾನೆ, ಅಂಗಡಿಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿರಿ ಎನ್ನುತ್ತಾನೆ, ನಂಬದವನು ಊಟಕ್ಕೆ ಕರೆದರೆ ಬಡಿಸಿದ್ದನ್ನು ಏನೂ ಕೇಳದೆ ಊಟಮಾಡಿರಿ ಎನ್ನುತ್ತಾನೆ, ಇದು ನೈವೇದ್ಯದ್ದು ಎಂದು ಯಾರಾದರೂ ತಿಳಿಸಿದರೆ ಆ ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ತಿನ್ನಬೇಡಿರಿ ಎನ್ನುತ್ತಾನೆ. ಈ ನಾಲ್ಕು ಮಾತುಗಳನ್ನು ಬೇರೆ ಬೇರೆಯಾಗಿ ಬರೆದು, ನಮ್ಮ ಊರಿನ ಯಾವ ಸಂದರ್ಭ ಯಾವ ಮಾತಿನ ಕೆಳಗೆ ಬರುತ್ತದೆ ಎಂದು ಕೂಟವೇ ಹೊಂದಿಸಿ ನೋಡಲಿ. ಒಮ್ಮತ ಬರಬೇಕಾಗಿಲ್ಲ. ನಮ್ಮಲ್ಲಿ ಬರಲಿಲ್ಲ, ಆದರೆ ಪ್ರಸಾದ ತಿನ್ನುವವರು ತಿನ್ನದವರನ್ನು ಸಂಕುಚಿತ ಮನಸ್ಸಿನವರೆಂದು ಕರೆಯುವುದೂ, ಅವರು ಇವರನ್ನು ಅರೆಕ್ರೈಸ್ತರೆಂದು ಕರೆಯುವುದೂ ನಿಂತಿತು.

ವಿಜ್ಞಾನದ ಪ್ರಶ್ನೆ ಬಂದಾಗ ಹಿರಿಯರಿಗೆ ಭಯವೂ ಕಿರಿಯರಿಗೆ ಅಸಹನೆಯೂ ಇರುತ್ತದೆ. ಆದಿಕಾಂಡದ ಮೊದಲ ಅಧ್ಯಾಯವನ್ನೂ ಎರಡನೆಯದನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಓದಿಸಿ, ಗಿಡಮರ, ಮೃಗಗಳು ಮತ್ತು ಮನುಷ್ಯನ ಸೃಷ್ಟಿ ಯಾವ ಕ್ರಮದಲ್ಲಿ ಬರುತ್ತದೆ ಎಂದು ಪಟ್ಟಿ ಮಾಡಿಸಿದರೆ ಚರ್ಚೆ ತಾನಾಗಿಯೇ ಆಳವಾಗುತ್ತದೆ. ವಿಶ್ವವು ಹಿಗ್ಗುತ್ತಿದೆ ಎಂದು 1927ರಲ್ಲೇ ಪ್ರತಿಪಾದಿಸಿದ ಜಾರ್ಜ್ ಲೆಮೆತ್ರ್ ಬೆಲ್ಜಿಯಂ ದೇಶದ ಒಬ್ಬ ಕ್ಯಾಥೊಲಿಕ್ ಪಾದ್ರಿಯಾಗಿದ್ದರು ಎಂಬ ಸಂಗತಿಯನ್ನು ತಿಳಿಸಿದರೆ ಎರಡೂ ಕಡೆಯವರು ಸ್ವಲ್ಪ ನಿಧಾನವಾಗುತ್ತಾರೆ.

ಹೆಚ್ಚು ಮಾತನಾಡುವವರು ಪ್ರತಿ ಕೂಟದಲ್ಲೂ ಇರುತ್ತಾರೆ. ಅವರನ್ನು ಎಲ್ಲರ ಎದುರು ತಡೆದರೆ ಅವಮಾನವಾಗುತ್ತದೆ. ಕೂಟದ ಮೊದಲು ಪ್ರತ್ಯೇಕವಾಗಿ ಕಂಡು, ‘ಅಣ್ಣ, ಇವತ್ತು ನೀವು ಕೊನೆಯಲ್ಲಿ ಮಾತನಾಡಿ, ಅಷ್ಟರವರೆಗೆ ಬೇರೆಯವರು ಹೇಳಿದ್ದನ್ನು ನೆನಪಿಟ್ಟುಕೊಳ್ಳಿ’ ಎಂದು ಕೇಳಿಕೊಂಡರೆ ಸಂತೋಷದಿಂದ ಒಪ್ಪುತ್ತಾರೆ. ಗಂಡಂದಿರ ಎದುರು ಬಾಯಿ ಬಿಡದ ಹೆಂಗಸರಿಗಾಗಿ ಹತ್ತು ನಿಮಿಷ ಇಬ್ಬಿಬ್ಬರಾಗಿ ಮಾತನಾಡುವ ಅವಕಾಶ ಕೊಟ್ಟು, ದಂಪತಿಗಳನ್ನು ಬೇರೆ ಬೇರೆ ಜೋಡಿಗಳಲ್ಲಿ ಕೂರಿಸಿರಿ.

ಏಳನೆಯ ಹೆಜ್ಜೆ: ಗುಟ್ಟು, ಫೋನು, ಮುಕ್ತಾಯ

ಇಲ್ಲಿ ಆಡಿದ ಮಾತು ಇಲ್ಲಿಯೇ ಇರಬೇಕು ಎಂಬ ಒಪ್ಪಂದವನ್ನು ಪ್ರತಿ ವಾರ ಬಾಯಿಬಿಟ್ಟು ಹೇಳಬೇಕು. ನಮ್ಮ ಸಭೆಗಳಲ್ಲಿ ಅರ್ಧದಷ್ಟು ಮಂದಿ ಪರಸ್ಪರ ನೆಂಟರು. ಒಂದು ಸಂಶಯದ ಮಾತು ಮರುದಿನ ಸಂಬಂಧ ನೋಡಲು ಬರುವವರ ಕಿವಿಯವರೆಗೂ ಹೋಗಬಲ್ಲದು. ಕೂಟದ ವಾಟ್ಸಾಪ್ ಗುಂಪನ್ನು ಸಮಯ ಮತ್ತು ವಾಕ್ಯಭಾಗ ತಿಳಿಸಲು ಮಾತ್ರ ಬಳಸಬೇಕು. ಫಾರ್ವರ್ಡ್ ಆಗಿ ಬಂದ ಸಂದೇಶವನ್ನು ಯಾರಾದರೂ ಆಧಾರವೆಂದು ಓದಿದರೆ, ಇದನ್ನು ಬರೆದವರು ಯಾರು ಎಂದು ಗೌರವದಿಂದ ಕೇಳಿ, ಗೊತ್ತಿಲ್ಲವಾದರೆ ಬದಿಗಿಡಬೇಕು.

ಕೊನೆಯ ಪ್ರಾರ್ಥನೆಯಲ್ಲಿ ಚರ್ಚೆಯನ್ನು ಗೆಲ್ಲಲು ಹೋಗಬಾರದು. ಒಂದೂವರೆ ಗಂಟೆ ತೆರೆದಿಟ್ಟ ಪ್ರಶ್ನೆಗೆ ‘ಕರ್ತನೇ, ಇಂದು ಸಂಶಯಪಟ್ಟವರಿಗೆ ಬುದ್ಧಿ ಕೊಡು’ ಎಂದು ಕಣ್ಣು ಮುಚ್ಚಿ ತೀರ್ಪು ಹೇಳಿದರೆ ಆ ಸಂಶಯಪಟ್ಟವರು ಮತ್ತೆ ಬರುವುದಿಲ್ಲ. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಶಿಷ್ಯನಾದ ತೋಮನು, ಯೇಸು ಸತ್ತು ಎದ್ದುಬಂದದ್ದನ್ನು ತಾನು ನೋಡದೆ ನಂಬುವುದೇ ಇಲ್ಲ ಎಂದ ಮೇಲೆ ಎಂಟು ದಿನಗಳು ಕಳೆಯುತ್ತವೆ. ಆ ಎಂಟು ದಿನಗಳ ಅನಂತರವೂ ಅವನು ಉಳಿದ ಶಿಷ್ಯರ ಜೊತೆಯಲ್ಲಿ ಅದೇ ಮನೆಯೊಳಗೆ ಇದ್ದ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಕಂಡವರು ಕಾಣದವನನ್ನು ಹೊರಗೆ ಕಳುಹಿಸಿರಲಿಲ್ಲ. ಪ್ರಾರ್ಥನೆಯನ್ನು ಒಂದು ಕೀರ್ತನೆಯನ್ನು ಓದಿ ಮುಗಿಸುವುದು ನಮ್ಮ ಪದ್ಧತಿ. ಸಂಕಟದ ಚರ್ಚೆ ನಡೆದ ದಿನ 88ನೆಯ ಕೀರ್ತನೆಯನ್ನು ಓದಿದೆವು. ಅದು ಕತ್ತಲೆಯಲ್ಲೇ ಕೊನೆಗೊಳ್ಳುತ್ತದೆ, ಆದರೂ ಬೈಬಲಿನಲ್ಲಿ ಅದಕ್ಕೆ ಜಾಗವಿದೆ.

ಒಂದು ದಪ್ಪ ನೋಟ್‌ಪುಸ್ತಕವನ್ನು ಇಟ್ಟುಕೊಳ್ಳಿರಿ. ಆಯಾ ಸಂಜೆ ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನು ಹೆಸರಿಲ್ಲದೆ, ತಾರೀಕು ಮಾತ್ರ ಹಾಕಿ ಅದರಲ್ಲಿ ಬರೆಯಬೇಕು. ಆರನೆಯ ವಾರ ಆ ಪುಟಗಳನ್ನು ಗಟ್ಟಿಯಾಗಿ ಓದಿ, ಇವುಗಳಲ್ಲಿ ಯಾವುದನ್ನು ಮುಂದಿನ ಸರಣಿಗೆ ಒಯ್ಯೋಣ, ಯಾರನ್ನು ಹೊಸದಾಗಿ ಕರೆಯೋಣ, ಯಾರು ಬರುವುದನ್ನು ನಿ‌ಲ್ಲಿಸಿದ್ದಾರೆ ಎಂದು ಕೇಳಬೇಕು. ಬರುವುದನ್ನು ನಿಲ್ಲಿಸಿದವರ ಮನೆಗೆ ಆ ವಾರವೇ ಇಬ್ಬರು ಹೋಗಿ ಬರಬೇಕು; ಹೋದಾಗ ಕೂಟದ ಮಾತನ್ನು ನೀವಾಗಿ ಎತ್ತಬೇಡಿರಿ, ಅವರು ಕೊಟ್ಟ ಚಹಾ ಕುಡಿದು, ಅವರು ಏನು ಹೇಳುತ್ತಾರೋ ಅದನ್ನು ಕೇಳಿ ಬನ್ನಿರಿ.